ಲೈಟ್ ಹಿಡಿಯುವವನ ಬಾಯಿ

ಮದುವೆ ಛತ್ರದಲ್ಲಿ ಹೆಣ್ಣಿನ ಕಡೆಯವರ ಕೋಣೆಗೆ ಸೋದರಮಾವನೂ ಒಮ್ಮೆ ಕೆಮ್ಮಿಯೇ ಒಳಗೆ ಹೋಗಬೇಕು. ಕೆಮ್ಮದೆ ಹೋಗುವ ಪರವಾನಗಿ ಇರುವ ಗಂಡಸರು ಇಬ್ಬರೇ: ಫೋಟೋಗ್ರಾಫರ್ ಮತ್ತು ಅವನ ಹಿಂದೆ ಲೈಟ್ ಹಿಡಿದು ಬರುವ ಹುಡುಗ. ಫೋಟೋಗ್ರಾಫರ್ ಒಳಗೆ ಬಂದನೆಂದರೆ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗುತ್ತಾರೆ, ಮುಖಕ್ಕೆ ನಗು ತಂದುಕೊಳ್ಳುತ್ತಾರೆ. ಅವನು ಬ್ಯಾಟರಿ ಬದಲಿಸಲೆಂದು ಹೊರಗೆ ಹೋದ ಕೂಡಲೇ ನುಂಗಿದ ಮಾತು ಮತ್ತೆ ಬಾಯಿಗೆ ಬರುತ್ತದೆ. ಲೈಟ್ ಹುಡುಗ ಅಲ್ಲೇ ನಿಂತಿರುತ್ತಾನೆ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಟ್ಯಾಂಡಿನ ಜೊತೆ ಬಂದ ಇನ್ನೊಂದು ಸ್ಟ್ಯಾಂಡು ಅವನು. ಮದುಮಗಳ ಕೊರಳಲ್ಲಿರುವ ಅವಲಕ್ಕಿ ಸರ ಯಾರದ್ದು, ಸಂಜೆಯೊಳಗೆ ಅದು ಯಾರ ಕೈಗೆ ವಾಪಸು ಹೋಗಬೇಕು, ಸೊಸೈಟಿಯಲ್ಲಿ ಅಡವಿದ್ದ ಬಳೆಗಳನ್ನು ಬಿಡಿಸಿಕೊಳ್ಳಲು ಯಾರ ಹತ್ತಿರ ಕೈಗಡ ತಂದದ್ದು, ಬೀಗಿತ್ತಿಗೆ ಕೊಟ್ಟ ಸೀರೆಯ ಬೆಲೆ ಕೇಳಿದವರಿಗೆ ಎಷ್ಟೆಂದು ಹೇಳಬೇಕು, ಹಿಂದಿನ ರಾತ್ರಿ ಹುಡುಗಿ ಊಟ ಬಿಟ್ಟು ಮಲಗಿದ್ದು ಯಾಕೆ, ಇಷ್ಟನ್ನೂ ಅವನ ಎದುರಿಗೇ ಮಾತಾಡುತ್ತಾರೆ. ಧಾರೆ ಮುಗಿಯುವ ಹೊತ್ತಿಗೆ ಆ ಮನೆಯ ವಿಷಯ ಪುರೋಹಿತರಿಗಿಂತ ಅವನಿಗೇ ಹೆಚ್ಚು ಗೊತ್ತಿರುತ್ತದೆ. ಪುರೋಹಿತರಿಗಾದರೂ ಮಂತ್ರದ ನಡುವೆ ಕಿವಿಗೆ ಬಿಡುವಿರುವುದಿಲ್ಲ.

ನಾನೂ ಕೆಲವು ವರ್ಷ ಅಂಥ ಸ್ಟ್ಯಾಂಡಾಗಿದ್ದೆ. ಪಿಯುಸಿ, ಡಿಗ್ರಿ ಓದುವ ಕಾಲಕ್ಕೆ ಮಲೆನಾಡಿನ ಒಂದು ತಾಲ್ಲೂಕು ಊರಿನ ಸ್ಟುಡಿಯೋದಲ್ಲಿ ಸಂಜೆಯ ಮತ್ತು ರಜಾದಿನದ ಕೆಲಸ; ಮದುವೆ ಸೀಸನ್ನಿನಲ್ಲಿ ರಾತ್ರಿಯೂ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಕೋಟಿನ ಕಥೆ ಯಾರದ್ದು, ಷೋಕೇಸಿನ ಜಗಳ ಯಾರದ್ದು ಎಂದು ಲೆಕ್ಕ ಹಾಕಿ ಪತ್ತೆಮಾಡುವವರು ಇವತ್ತಿಗೂ ಅಲ್ಲಿದ್ದಾರೆ. ಕೆಲವು ಕಥೆಗಳ ಕೇರಿ, ಸಂಬಂಧ, ವಯಸ್ಸುಗಳನ್ನು ಈಗಾಗಲೇ ಅದಲುಬದಲು ಮಾಡಿದ್ದೇನೆ. ಗುಟ್ಟು ಕಾಯುವುದರ ಬಗ್ಗೆ ಬರೆಯಲು ಕೂತು ಗುಟ್ಟನ್ನೇ ಬಿಟ್ಟುಕೊಟ್ಟರೆ ನಮ್ಮ ಯಜಮಾನರು ಎಲ್ಲಿದ್ದರೂ ಬಂದು ಕಿವಿ ಹಿಂಡಿಯಾರು.

ನಾನು ಕಾಯಬೇಕಾಗಿದ್ದ ಮೊದಲ ಗುಟ್ಟು ಕೋಟಿನದು. ಸ್ಟುಡಿಯೋದಲ್ಲಿ ಒಂದು ಕಪ್ಪು ಕೋಟು, ಗಂಟು ಹಾಕಿಯೇ ಇಟ್ಟ ಒಂದು ಟೈ ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಬಿ.ಎಡ್. ಅರ್ಜಿ ಹಾಕುವವರು, ಬ್ಯಾಂಕ್ ಪರೀಕ್ಷೆಗೆ ಕೂರುವವರು, ಗಲ್ಫಿಗೆ ಹೊರಟವರು ಎಲ್ಲರೂ ಒಬ್ಬರಾದ ಮೇಲೊಬ್ಬರು ಅದೇ ಕೋಟಿನೊಳಗೆ ಹೊಕ್ಕು ಹೊರಬರುತ್ತಿದ್ದರು. ಕೋಟಿನ ಅಳತೆ ಯಾವುದೋ ದಢೂತಿ ಮನುಷ್ಯನದು. ಸಣಕಲರಿಗೆ ಅದನ್ನು ಹೊಂದಿಸಲು ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುವುದು ನನ್ನ ಕೆಲಸ. ಮುಂದಿನಿಂದ ಸಾಹೇಬ, ಹಿಂದಿನಿಂದ ಕ್ಲಿಪ್ಪುಗಳ ಸಾಲು, ಸೊಂಟದ ಕೆಳಗೆ ಪಂಚೆ. ಪಾಸ್‌ಪೋರ್ಟ್ ಸೈಜಿನ ಚೌಕಟ್ಟು ಎದೆಗೇ ಮುಗಿಯುವುದರಿಂದ ಉಳಿದದ್ದು ನಮ್ಮೊಳಗೇ ಉಳಿಯುತ್ತಿತ್ತು. ತೊಂದರೆಯೆಂದರೆ ಅದೇ ಫೋಟೊ ಮುಂದೆ ಮದುವೆ ಸಂಬಂಧಕ್ಕೂ ಓಡಾಡುತ್ತಿತ್ತು. ಒಮ್ಮೆ ಹೆಣ್ಣಿನ ತಂದೆಯೊಬ್ಬರು ಮೂರು ವರಗಳ ಫೋಟೊ ಹಿಡಿದು ಬಂದು, ಮೂವರ ಕೋಟಿನ ಕಾಲರಿನಲ್ಲೂ ಒಂದೇ ಕಡೆ ದಾರ ಬಿಟ್ಟಿದೆಯಲ್ಲ ಎಂದು ಕೇಳಿದರು. ಯಜಮಾನರು ಕಣ್ಣು ಮಿಟುಕಿಸದೆ, “ಈಗ ಎಲ್ಲರೂ ಒಬ್ಬನೇ ಟೈಲರ್ ಹತ್ರ ಹೊಲಿಸ್ತಾರೆ ಸ್ವಾಮಿ” ಅಂದರು. ನಾನು ಒಳಗೆ ಹೋಗಿ ಟ್ರೇ ತೊಳೆಯತೊಡಗಿದೆ.

ಎರಡನೆಯದು ಪೆನ್ಸಿಲ್ ಕೆಲಸದ ಗುಟ್ಟು. ಮುಖದ ಮೇಲಿನ ಕಪ್ಪು ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಆ ತಿಳಿಯನ್ನು ಸೂಜಿಯಂತೆ ಮೊನೆ ಮಾಡಿದ ಪೆನ್ಸಿಲ್ಲಿನಿಂದ ಹಗುರಾಗಿ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಹೆಣ್ಣು ನೋಡಲು ಕಳಿಸುವ ಫೋಟೊಗಳಿಗೆಲ್ಲ ಈ ಕೆಲಸ ಇದ್ದೇ ಇರುತ್ತಿತ್ತು. ಯಜಮಾನರ ಕಟ್ಟಳೆ ಒಂದೇ: “ಬಂದು ಹೋಗೋದನ್ನ ತೆಗಿ, ಹುಟ್ಟಿನಿಂದ ಬಂದಿದ್ದನ್ನ ಮುಟ್ಟಬೇಡ.” ಮೊಡವೆ ತೆಗೆಯಬಹುದು, ಮಚ್ಚೆ ತೆಗೆಯುವಂತಿಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಅವರು ಸ್ವಲ್ಪ ಸಡಿಲ. ಪ್ರಿಂಟ್ ಹಾಕುವಾಗ ಕಾಗದಕ್ಕೆ ಒಂದೆರಡು ಸೆಕೆಂಡು ಬೆಳಕು ಕಡಿಮೆ ಕೊಟ್ಟರೆ ಹುಡುಗಿ ಬೆಳ್ಳಗಾಗುತ್ತಾಳೆ. ತಾಯಂದಿರು ಕೌಂಟರಿಗೆ ಬಗ್ಗಿ, ದನಿ ತಗ್ಗಿಸಿ ಆ ಎರಡು ಸೆಕೆಂಡನ್ನೇ ಬೇಡುತ್ತಿದ್ದರು. ಗುಟ್ಟು ತಾಯಿಗೆ, ಯಜಮಾನರಿಗೆ, ನನಗೆ ಗೊತ್ತು. ಗಂಡಿನ ಮನೆಯವರೂ ತಮ್ಮ ಊರಿನ ಸ್ಟುಡಿಯೋದಲ್ಲಿ ಇದನ್ನೇ ಮಾಡಿಸಿರುತ್ತಾರಾದ್ದರಿಂದ ಅವರಿಗೂ ಗೊತ್ತು. ಆದರೂ ಯಾರೂ ಹೇಳುವಂತಿಲ್ಲ.

ಡಾರ್ಕ್ ರೂಮಿನ ನಿಯಮಗಳು ಇದಕ್ಕಿಂತ ಬಿಗಿ. ಫಿಲ್ಮ್ ತೊಳೆಯುವಾಗ ಪೂರ್ತಿ ಕತ್ತಲು, ಪ್ರಿಂಟ್ ಹಾಕುವಾಗ ಕೆಂಪು ಬಲ್ಬು. ಡೆವಲಪರ್ ಟ್ರೇಯಲ್ಲಿ ಬಿಳಿ ಬ್ರೋಮೈಡ್ ಕಾಗದದ ಮೇಲೆ ಮೊದಲು ಕೂದಲು, ಆಮೇಲೆ ಹುಬ್ಬು, ಕಣ್ಣಪಾಪೆ, ಕೊನೆಗೆ ಕೆನ್ನೆ ಮೂಡಿಬರುತ್ತಿದ್ದವು. ಬೆಳಕಿನ ಅಂದಾಜು ತಪ್ಪಿ ಕಪ್ಪಾದ ಪ್ರಿಂಟುಗಳನ್ನು ಕಸದ ಬುಟ್ಟಿಗೆ ಹಾಕುವಂತಿರಲಿಲ್ಲ. ಮುಖದ ನಡುವೆ ಹಾದುಹೋಗುವಂತೆ ಹರಿಯಬೇಕು, ಹರಿದದ್ದು ಯಜಮಾನರ ಮನೆಯ ಬಚ್ಚಲೊಲೆಗೆ ಹೋಗಬೇಕು. ಊರಿನ ಎಷ್ಟೋ ಸುಂದರಿಯರು, ಒಬ್ಬಿಬ್ಬರು ಪುರಸಭಾ ಅಧ್ಯಕ್ಷರು ಆ ಒಲೆಯಲ್ಲಿ ಉರಿದು ಯಜಮಾನರ ಸ್ನಾನದ ನೀರು ಕಾಯಿಸಿದ್ದಾರೆ. ನೆಗೆಟಿವ್‌ಗಳು ನಂಬರ್ ಬರೆದ ಕವರಿನಲ್ಲಿ, ಕವರುಗಳು ಬೀಗ ಹಾಕಿದ ಬೀರುವಿನಲ್ಲಿ, ಬೀಗದ ಕೈ ಯಜಮಾನರ ಜನಿವಾರದಲ್ಲಿ.

ಇಷ್ಟು ಬಂದೋಬಸ್ತು ಯಾಕೆಂದು ನನಗೆ ಗೊತ್ತಾದದ್ದು ಕಾಲೇಜಿನ ಹುಡುಗನೊಬ್ಬ ಸಂಜೆ ಹೊತ್ತು ಹಿಂದಿನ ಬಾಗಿಲಿಗೆ ಬಂದಾಗ. ಒಬ್ಬ ಹುಡುಗಿ ಹಾಲ್ ಟಿಕೆಟ್ಟಿಗೆ ತೆಗೆಸಿಕೊಂಡ ಫೋಟೊದ ಒಂದು ಕಾಪಿ ಬೇಕಿತ್ತು ಅವನಿಗೆ. “ಒಂದೇ ಒಂದು ಹೆಚ್ಚಿಗೆ ಹಾಕು ಮಾರಾಯ, ಯಾರಿಗೆ ಗೊತ್ತಾಗುತ್ತೆ?” ಅಂಗೈಯಷ್ಟೂ ಇಲ್ಲದ ಕಾಗದ ಅದು, ಅವನು ಕೊಡಲು ಬಂದದ್ದು ನನ್ನ ಒಂದು ವಾರದ ಸಂಬಳ. ಆಗುವುದಿಲ್ಲ ಎಂದೆ. ಯಜಮಾನರು ದಿನಾ ರಾತ್ರಿ ಕೆಂಪು ಬೆಳಕಿನಲ್ಲಿ ಕಾಗದದ ಪೆಟ್ಟಿಗೆಯ ಹಾಳೆ ಎಣಿಸುತ್ತಿದ್ದರು. ನನ್ನ ಪ್ರಾಮಾಣಿಕತೆಯಲ್ಲಿ ಆ ಎಣಿಕೆಯ ಪಾಲು ಎಷ್ಟಿತ್ತು ಎಂದು ನಾನು ಇವತ್ತಿಗೂ ಬಿಡಿಸಿ ನೋಡಿಲ್ಲ.

ಆ ಹೆಚ್ಚಿನ ಒಂದು ಕಾಪಿಗೆ ದೊಡ್ಡ ಚರಿತ್ರೆಯಿದೆ ಎಂಬುದು ತಿಳಿದದ್ದು ಬಹಳ ಕಾಲದ ಮೇಲೆ, ವಕೀಲ ಗೆಳೆಯರೊಬ್ಬರ ಮನೆಯಲ್ಲಿ. ವಿಕ್ಟೋರಿಯಾ ರಾಣಿಯೂ ಗಂಡ ಆಲ್ಬರ್ಟನೂ ತಮ್ಮ ಖುಷಿಗೆಂದು ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುತ್ತಿದ್ದರಂತೆ: ಮಕ್ಕಳು, ನಾಯಿಗಳು, ಆಪ್ತರು. ಕೆಲವು ಪ್ರತಿ ತೆಗೆಸಲೆಂದು ವಿಂಡ್ಸರಿನ ಒಬ್ಬ ಮುದ್ರಕನಿಗೆ ತಗಡುಗಳನ್ನು ಕೊಟ್ಟರು. ಅವನ ಅಂಗಡಿಯ ಕೆಲಸಗಾರನೊಬ್ಬ ತನಗೂ ಇರಲಿ ಎಂದು ಕೆಲವನ್ನು ಹೆಚ್ಚಿಗೆ ಒತ್ತಿಟ್ಟುಕೊಂಡ. ಅವು ಕೈಯಿಂದ ಕೈಗೆ ದಾಟಿ ಒಬ್ಬ ಪ್ರಕಾಶಕನನ್ನು ಸೇರಿದವು. ಪ್ರದರ್ಶನ ಇಡುವುದೆಂದು ಕ್ಯಾಟಲಾಗೂ ಅಚ್ಚಾಯಿತು. ಆಲ್ಬರ್ಟ್ ಕೋರ್ಟಿನ ಮೆಟ್ಟಿಲು ಹತ್ತಿದ. 1849ರಲ್ಲಿ ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಮ್ ಕ್ಯಾಟಲಾಗಿಗೂ ತಡೆ ಕೊಟ್ಟ. ನಂಬಿ ಕೈಗೆ ಕೊಟ್ಟದ್ದನ್ನು ಹೊರಗೆ ಹಂಚುವಂತಿಲ್ಲ ಎಂಬ ಕಾನೂನಿಗೆ ಈ ಮೊಕದ್ದಮೆ ಒಂದು ಮುಖ್ಯ ಬೇರು. 1890ರಲ್ಲಿ ಅಮೆರಿಕದ ವಾರೆನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಹಾರ್ವರ್ಡ್ ಲಾ ರಿವ್ಯೂನಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಬರೆದಾಗ ಇದನ್ನೇ ಆಧಾರವಾಗಿ ಹಿಡಿದರು. ಕ್ಷಣಾರ್ಧದಲ್ಲಿ ಫೋಟೊ ತೆಗೆಯುವ ಹೊಸ ಕ್ಯಾಮೆರಾಗಳ ಕಾಟವೂ ಅವರ ತಕರಾರುಗಳಲ್ಲಿ ಒಂದು. ಆ ಲೇಖನದ ಎಳೆ ಹಿಡಿದು ಹೋದರೆ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಕೊಟ್ಟ ತೀರ್ಪಿಗೆ ಬಂದು ನಿಲ್ಲುತ್ತೇವೆ. ಆ ದಾವೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಷ್ಟು ಉದ್ದದ ವಂಶಾವಳಿಯ ಬುಡದಲ್ಲಿ ಕೂತಿರುವವನು ಒಬ್ಬ ಅಸಿಸ್ಟೆಂಟ್. ಅವನ ಯಜಮಾನ ಕಾಗದ ಎಣಿಸುತ್ತಿರಲಿಲ್ಲವೆಂದು ಕಾಣುತ್ತದೆ.

ಷೋಕೇಸಿನ ಜಗಳಕ್ಕೂ ಇಂಗ್ಲೆಂಡಿನಲ್ಲಿ ಒಬ್ಬ ಅಣ್ಣ ಇದ್ದಾನೆ. ಆಗ ಸ್ಟುಡಿಯೋ ಎಂದರೆ ಬೀದಿಗೆ ಮುಖಮಾಡಿದ ಗಾಜಿನ ಪೆಟ್ಟಿಗೆ ಇರಲೇಬೇಕು. ಒಳಗೆ ಕೂಸುಗಳು, ಪದವಿಯ ಗೌನು ಹಾಕಿದವರು, ಆರತಕ್ಷತೆಯ ಜೋಡಿಗಳು. ಒಮ್ಮೆ ಒಂದು ಹುಡುಗಿಯ ಫೋಟೊ ಚೆನ್ನಾಗಿ ಬಂತೆಂದು ದೊಡ್ಡದು ಮಾಡಿ ಇಟ್ಟದ್ದಾಯಿತು. ನೋಡಿದವರೆಲ್ಲ ಮೆಚ್ಚಿದರು. ಮೆಚ್ಚಿದವರಲ್ಲಿ ಅವಳ ಭಾವೀ ಮಾವನೂ ಇದ್ದರು, ಮೆಚ್ಚಿಗೆ ಮುಗಿದ ಮೇಲೆ ಅವರಿಗೆ ಸಿಟ್ಟು ಬಂತು. ನಮ್ಮ ಮನೆಗೆ ಬರುವ ಹೆಣ್ಣು ಬಸ್‌ಸ್ಟ್ಯಾಂಡಿನ ಎದುರು ನಿಂತಿದ್ದಾಳೆ ಎಂದು ಅವರ ಆಕ್ಷೇಪ. ಫೋಟೊ ಇಳಿಸಿ, ಕಾಫಿ ತರಿಸಿ ಯಜಮಾನರು ಅಂತೂ ಸಮಾಧಾನ ಮಾಡಿದರು. 1888ರಲ್ಲಿ ಇಂಗ್ಲೆಂಡಿನ ಶ್ರೀಮತಿ ಪೊಲಾರ್ಡ್ ಎಂಬಾಕೆಗೆ ಕಾಫಿಯಿಂದ ಸಮಾಧಾನವಾಗಲಿಲ್ಲ. ದುಡ್ಡು ಕೊಟ್ಟು ತೆಗೆಸಿಕೊಂಡ ತನ್ನ ಫೋಟೊವನ್ನು ಸ್ಟುಡಿಯೋದವನು ಕ್ರಿಸ್‌ಮಸ್ ಕಾರ್ಡು ಮಾಡಿ ಕಿಟಕಿಯಲ್ಲಿ ಮಾರಾಟಕ್ಕಿಟ್ಟಿದ್ದನ್ನು ಕಂಡು ಆಕೆ ದಾವೆ ಹಾಕಿದಳು, ಗೆದ್ದಳು. ನೆಗೆಟಿವ್ ಅವನ ಬಳಿ ಇದ್ದ ಮಾತ್ರಕ್ಕೆ ಮುಖವೂ ಅವನದಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಬೇರೆ ಕರಾರು ಇಲ್ಲದಿದ್ದರೆ ದುಡ್ಡು ಕೊಟ್ಟು ಫೋಟೊ ತೆಗೆಸಿಕೊಂಡವರನ್ನೇ ಅದರ ಮೊದಲ ಒಡೆಯರೆಂದು ಹೇಳುತ್ತದೆ. ಇದನ್ನು ಯಾವ ಸ್ಟುಡಿಯೋದ ಬೋರ್ಡಿನಲ್ಲೂ ನಾನು ಓದಿಲ್ಲ.

ಗಂಡಸು ಅಸಿಸ್ಟೆಂಟನ ಬಾಯಿ, ಕಣ್ಣು ಎರಡನ್ನೂ ನಂಬದೆ ಬೇರೆ ದಾರಿ ಹುಡುಕಿದವರು ರಾಜಾ ದೀನದಯಾಳ್. ಹೈದರಾಬಾದಿನ ನಿಜಾಮರ ಫೋಟೋಗ್ರಾಫರ್ ಆಗಿದ್ದ ಅವರು 1892ರಲ್ಲಿ ಪರದೆಯ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದು, ಅದರ ಉಸ್ತುವಾರಿಯನ್ನು ಒಬ್ಬ ಇಂಗ್ಲಿಷ್ ಮಹಿಳೆಗೆ ವಹಿಸಿದರು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಘನವಾದ ವ್ಯವಸ್ಥೆ ಸರಿಯೇ. ಆದರೆ ಹೆಂಗಸರು ಗುಟ್ಟು ಬಿಡುವುದಿಲ್ಲ ಎಂದು ದೀನದಯಾಳರಿಗೆ ಅಷ್ಟು ಧೈರ್ಯ ಹೇಗೆ ಬಂತೋ ಎಂದು ನನ್ನಾಕೆಯೇ ನಗುತ್ತಾಳೆ.

ಮದುವೆಯ ಗುಟ್ಟುಗಳು ಹಗುರ. ತೂಕದ ಗುಟ್ಟುಗಳು ಬರುತ್ತಿದ್ದದ್ದು ಪೊಲೀಸ್ ಠಾಣೆಯಿಂದ. ನಮ್ಮ ಠಾಣೆಯವರಿಗೆ ಸ್ವಂತ ಕ್ಯಾಮೆರಾ ಇರಲಿಲ್ಲ. ಹೊಳೆಗೆ ಬಿದ್ದವರು, ಬಾವಿಗೆ ಹಾರಿದವರು, ಗದ್ದೆಯ ಬದಿಯ ಮರಕ್ಕೆ ನೇತುಬಿದ್ದವರು ಯಾರೇ ಆದರೂ ಶವ ಮಹಜರಿನ ಫೋಟೊಗೆ ಕಾನ್‌ಸ್ಟೇಬಲ್ ಸೈಕಲ್ಲಿನಲ್ಲಿ ಬಂದು ಯಜಮಾನರನ್ನು ಕರೆಯುತ್ತಿದ್ದರು. ಫ್ಲಾಶಿನ ಚೀಲ ಹೊತ್ತು ನಾನು. ಹೋಗುವ ದಾರಿಯಲ್ಲಿ ಯಜಮಾನರು ಏನೂ ಮಾತಾಡುತ್ತಿರಲಿಲ್ಲ, ಬರುವ ದಾರಿಯಲ್ಲಿ ಒಂದೇ ಮಾತು: “ಏನು ನೋಡಿದೆ ಅಂತ ಯಾರಾದ್ರೂ ಕೇಳಿದ್ರೆ ಕತ್ತಲಿತ್ತು ಅನ್ನು.” ನಡುಮಧ್ಯಾಹ್ನ ಮಹಜರು ಮುಗಿಸಿ ಬಂದ ದಿನವೂ ನಾನು ಪಕ್ಕದ ಮನೆಯವರಿಗೆ ಕತ್ತಲಿತ್ತು ಎಂದೇ ಹೇಳಿದ್ದೇನೆ. ಅವರು ನನ್ನ ಮುಖ ನೋಡಿ ಇನ್ನೊಂದು ಪ್ರಶ್ನೆ ಕೇಳದೆ ಹೋದರು. ಅಮ್ಮ ಬಚ್ಚಲಿಗೆ ಬಿಸಿನೀರು ತೋಡಿಟ್ಟು ಸುಮ್ಮನಾಗುತ್ತಿದ್ದಳು. ಕೇಳುವ ಹಕ್ಕು ಇದ್ದವಳು ಅವಳೊಬ್ಬಳೇ, ಕೇಳದೆ ಇದ್ದವಳೂ ಅವಳೊಬ್ಬಳೇ.

ಹಾಗೆ ಹೋದ ಒಂದು ಕಡೆ ಹದಿನೆಂಟೋ ಹತ್ತೊ‌ಂಬತ್ತೋ ವಯಸ್ಸಿನ ಹುಡುಗಿ. ಕೇಸು ಮುಗಿದು ಎಷ್ಟೋ ಕಾಲವಾದ ಮೇಲೆ ಅವಳ ತಂದೆ ಸ್ಟುಡಿಯೋಕ್ಕೆ ಬಂದು ಬೆಂಚಿನ ಮೇಲೆ ಕೂತರು. ಬೇರೆ ಗಿರಾಕಿಗಳು ಹೋಗುವ ತನಕ ಕೂತೇ ಇದ್ದರು. ಮನೆಯಲ್ಲಿ ಮಗಳ ಒಂದೂ ಫೋಟೊ ಇಲ್ಲವಂತೆ. ಅವಳು ಬದುಕಿದ್ದಾಗ ಯಾರೂ ತೆಗೆಸಿರಲಿಲ್ಲ. ಇರುವುದು ಇದೊಂದೇ, ಬೀರುವಿನೊಳಗಿನ ಕವರಿನಲ್ಲಿ. ಯಜಮಾನರು ಅವರನ್ನು ಮನೆಗೆ ಕಳಿಸಿ, ಅಂಗಡಿ ಮುಚ್ಚಿ, ಆ ನೆಗೆಟಿವ್ ತೆಗೆದರು. ಮುಖವೊಂದನ್ನೇ ಹಿಗ್ಗಿಸಿ ಪ್ರಿಂಟ್ ಹಾಕಿದರು. ಕುತ್ತಿಗೆಯ ಭಾಗವನ್ನು ಸೆರಗು ಬಿಡಿಸಿ ಮುಚ್ಚಿದರು. ಹಣೆಗೆ ಕುಂಕುಮ, ಕಿವಿಗೆ ಓಲೆ. ಕೊನೆಗೆ ಕುಂಚದ ತುದಿಯಿಂದ, ಮುಚ್ಚಿದ ರೆಪ್ಪೆಯ ಜಾಗದಲ್ಲಿ ಕಣ್ಣು ಬಿಡಿಸಿದರು. ಆ ಕೆಲಸಕ್ಕೆ ಅವರು ತೆಗೆದುಕೊಂಡ ಹೊತ್ತು ಯಾವ ಮದುಮಗಳಿಗೂ ಕೊಟ್ಟದ್ದಲ್ಲ. ಮುಂದೆ ತಂದೆ ಆ ಫೋಟೊಗೆ ಕಟ್ಟು ಹಾಕಿಸಿ ಮನೆಯ ನಡುಕೋಣೆಯಲ್ಲಿ ತೂಗುಹಾಕಿದರು. ಆ ಮನೆಗೆ ಹೋದವರು ಇದು ಯಾವಾಗ ತೆಗೆಸಿದ್ದು, ಎಷ್ಟು ಕಳೆಯಾಗಿ ಬಂದಿದೆ ಎಂದು ಕೇಳುತ್ತಿದ್ದರಂತೆ. ತಂದೆ ಏನೋ ಒಂದು ವರ್ಷ ಹೇಳುತ್ತಿದ್ದರಂತೆ.

ಹಾಗೆಂದು ಎಲ್ಲದಕ್ಕೂ ಕತ್ತಲಿತ್ತು ಎಂದರೆ ನಡೆಯುವುದಿಲ್ಲ. ಮಹಜರಿನ ಫೋಟೊ ತೆಗೆದವರಿಗೆ ಕೋರ್ಟಿನಿಂದ ಸಮನ್ಸ್ ಬರುತ್ತಿತ್ತು. ನೆಗೆಟಿವ್ ಹಾಜರುಪಡಿಸಿ, ತೆಗೆದದ್ದು ತಾನೇ, ಕಂಡದ್ದು ಹೀಗೇ ಎಂದು ಕಟಕಟೆಯಲ್ಲಿ ನಿಂತು ಹೇಳಬೇಕು. ಒಂದು ಸೊಸೆಯ ಸಾವಿನ ಕೇಸಿನಲ್ಲಿ, ಗಂಡನ ಮನೆಯವರು ದೊಡ್ಡ ಕುಳವಾಗಿದ್ದರಿಂದ, ನೆಗೆಟಿವ್ ಹಾಳಾಗಿದೆ ಎಂದು ಹೇಳಿಬಿಡಿ ಎಂಬ ಸೂಚನೆ ಹಣ್ಣಿನ ಬುಟ್ಟಿಯ ಜೊತೆ ಬಂತು. ಯಜಮಾನರು ಹಣ್ಣನ್ನು ವಾಪಸು ಕಳಿಸಿ, ನೆಗೆಟಿವ್ ಅನ್ನು ಒಳಜೇಬಿನಲ್ಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು. ಊರಿಡೀ ಬಾಯಿ ಬಿಗಿದವರೆಂದು ಹೆಸರಾದವರು ಅಲ್ಲಿನ ಕೋರ್ಟಿನಲ್ಲಿ ಒಂದೂ ವಿವರ ಬಿಡದೆ ಹೇಳಿದರಂತೆ. ಈಗ ಕಾನೂನೇ ಒಂದು ವಿಷಯದಲ್ಲಿ ಸ್ಟುಡಿಯೋದವರಿಗೆ ಸುಮ್ಮನಿರುವ ಅವಕಾಶ ಕೊಟ್ಟಿಲ್ಲ. 2012ರ ಪೋಕ್ಸೋ ಕಾಯ್ದೆಯ 20ನೇ ಕಲಮು ಹೋಟೆಲು, ಲಾಡ್ಜು, ಆಸ್ಪತ್ರೆ, ಕ್ಲಬ್ಬುಗಳ ಸಾಲಿನಲ್ಲೇ ಸ್ಟುಡಿಯೋ ಮತ್ತು ಫೋಟೊ ಕೆಲಸದ ಜಾಗಗಳ ನೌಕರರನ್ನೂ ಹೆಸರಿಸುತ್ತದೆ: ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಕಣ್ಣಿಗೆ ಬಿದ್ದರೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ಗಿರಾಕಿಯ ಗುಟ್ಟು ಎಂಬ ನೆಪ ಅಲ್ಲಿ ನಡೆಯದು, ನಡೆಯಲೂಬಾರದು.

ಇನ್ನು ವಿಸಿಟಿಂಗ್ ಕಾರ್ಡಿನ ಸಂಗತಿ. ಅಸಿಸ್ಟೆಂಟ್ ಆದವನು ಯಜಮಾನನ ಗಿರಾಕಿಗೆ ತನ್ನ ನಂಬರು ಕೊಡಬಾರದೆಂಬುದು ಈ ಕಸುಬಿನ ಅಲಿಖಿತ ಶಾಸನ. ಪ್ಯಾರಿಸ್ಸಿನಲ್ಲೂ ಇದೇ ಕಥೆ. 1923ರಲ್ಲಿ ಅಲ್ಲಿನ ಫೋಟೋಗ್ರಾಫರ್ ಮ್ಯಾನ್ ರೇ ತನ್ನ ಡಾರ್ಕ್ ರೂಮಿಗೆ ಬೆರೆನಿಸ್ ಆಬಟ್ ಎಂಬಾಕೆಯನ್ನು ಸೇರಿಸಿಕೊಂಡದ್ದು ಆಕೆಗೆ ಫೋಟೊದ ಗಂಧಗಾಳಿ ಗೊತ್ತಿಲ್ಲವೆಂಬ ಧೈರ್ಯದಿಂದಲೇ. ಏನೂ ತಿಳಿಯದವಳು ಹೇಳಿದಷ್ಟೇ ಮಾಡುತ್ತಾಳೆ ಎಂದು ಲೆಕ್ಕ. ಕೆಲವೇ ವರ್ಷಗಳಲ್ಲಿ ಗಿರಾಕಿಗಳು ಆಕೆಯನ್ನೇ ಕೇಳಿಕೊಂಡು ಬರತೊಡಗಿದರು, 1926ರಲ್ಲಿ ಆಕೆ ತನ್ನದೇ ಸ್ಟುಡಿಯೋ ತೆರೆದಳು. ಪ್ಯಾರಿಸ್ಸಿನ ಮಾತು ಇರಲಿ, ನಮ್ಮ ಊರಿನ ಎರಡನೇ ಸ್ಟುಡಿಯೋ ಹುಟ್ಟಿದ್ದೂ ಹೀಗೇ. ಅದನ್ನು ತೆರೆದ ತಮ್ಮ ಹಳೆಯ ಅಸಿಸ್ಟೆಂಟ್ ಹುಡುಗನ ಬಗ್ಗೆ ಯಜಮಾನರು ಕೊನೆಯ ತನಕ ಕೆಟ್ಟ ಮಾತಾಡಲಿಲ್ಲ. ಕೋಟಿನ ಗುಟ್ಟು ಅವನಿಗೂ ಗೊತ್ತಿತ್ತಲ್ಲ.

ಬಣ್ಣದ ರೋಲುಗಳು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಲ್ಯಾಬಿಗೆ ಹೋಗಿ ಬರುವ ಕಾಲ ಬಂತು, ಆಮೇಲೆ ಅದೂ ಹೋಯಿತು. ಸ್ಟುಡಿಯೋ ಮುಚ್ಚುವ ಹೊತ್ತಿಗೆ ಬೀರುವಿನಲ್ಲಿದ್ದ ನೆಗೆಟಿವ್‌ಗಳನ್ನೆಲ್ಲ ಬೆಳ್ಳಿ ತೆಗೆಯುವವರು ಕೆಜಿ ಲೆಕ್ಕದಲ್ಲಿ ಒಯ್ದರು. ಕಪ್ಪು-ಬಿಳುಪು ಫಿಲ್ಮಿನ ಮೇಲಿನ ಬಿಂಬ ಬೆಳ್ಳಿಯದೇ; ಅದನ್ನು ತೊಳೆದು ತೆಗೆದರೆ ಉಳಿಯುವುದು ಬರೀ ಪ್ಲಾಸ್ಟಿಕ್ಕು. ಊರಿನ ಮೂರು ತಲೆಮಾರಿನ ಮುಖಗಳು ಕರಗಿಹೋದವೆಂದು ಚರಿತ್ರಕಾರರು ಮರುಗಬಹುದು. ಯಜಮಾನರು ಮಾತ್ರ ನಿರಾಳವಾಗಿದ್ದರು. ಈಗಿನ ಮೆಮೊರಿ ಕಾರ್ಡಿಗೆ ಆ ಸದ್ಗತಿ ಇಲ್ಲ. ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದಲೂ ಫೋಟೊಗಳನ್ನು ಎಬ್ಬಿಸಿ ಕೂರಿಸುವ ಸಾಫ್ಟ್‌ವೇರುಗಳಿವೆ. ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೂ ಹಂಚಿದರೂ ಐಟಿ ಕಾಯ್ದೆಯ 66ಇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಇದೆ, ನಿಜ. ಆದರೆ ಮದುಮಗಳು ಅಳುವ ಮೊದಲಿನ ಅರೆಕ್ಷಣದ ಮುಖ, ಸೀರೆ ಉಡುವಾಗ ಎಡವಿದ ಅಜ್ಜಿ, ಕುಡಿದು ತೂರಾಡುವ ಚಿಕ್ಕಪ್ಪ ಇವರೆಲ್ಲ ಯಾವ ಕಲಮಿಗೂ ಸಿಕ್ಕದವರು. ಅವರನ್ನು ಹತ್ತು ಸೆಕೆಂಡಿನ ರೀಲು ಮಾಡಿ ಹಾಕದೆ ಇರುವುದು ಪೂರ್ತಿಯಾಗಿ ಫೋನು ಹಿಡಿದ ಹುಡುಗನ ಮರ್ಯಾದೆಗೆ ಬಿಟ್ಟದ್ದು.

ಇದನ್ನು ನಾನು ನನ್ನ ಅಕ್ಕನ ಮಗನಿಂದ ಹೆಚ್ಚು ತಿಳಿದೆ. ಅವನೂ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾನೆ. ಕೆಲಸದ ಹೆಸರು ಈಗ ಇಂಗ್ಲಿಷಿನಲ್ಲಿ ಉದ್ದವಾಗಿದೆ, ಹಿಡಿಯುವುದು ಅದೇ ಲೈಟು. ಒಡವೆ ಅಂಗಡಿಯ ಕ್ಯಾಟಲಾಗ್ ಶೂಟಿಂಗಿಗೆ ಹೋದರೆ ಗನ್‌ಮ್ಯಾನ್ ಬಾಗಿಲಲ್ಲಿ ಕೂತು ಒಂದೊಂದು ಓಲೆಯನ್ನೂ ಎಣಿಸಿ ಕೊಡುತ್ತಾನೆ, ಎಣಿಸಿ ತೆಗೆದುಕೊಳ್ಳುತ್ತಾನೆ. ಯಾವ ಕಟ್ಟಡ, ಯಾವ ಮಹಡಿ ಎಂದು ಮನೆಯವರಿಗೂ ಹೇಳುವಂತಿಲ್ಲ. ಮಾರುಕಟ್ಟೆಗೆ ಬರದ ಮೊಬೈಲೋ ಕಾರೋ ಆದರೆ ಇವರ ಫೋನುಗಳೆಲ್ಲ ಬಾಗಿಲಲ್ಲೇ ಪೆಟ್ಟಿಗೆಗೆ. ಸಿನಿಮಾದವರ ಕೆಲಸವಾದರೆ ನಟನ ಗೆಟಪ್ಪು ಹೊರಗೆ ಬೀಳಬಾರದು. ಪ್ರತಿಯೊಂದಕ್ಕೂ ಒಂದು ಕರಾರುಪತ್ರ, ಪ್ರತಿ ಪುಟಕ್ಕೂ ಸಹಿ, ತಪ್ಪಿದರೆ ಅವನ ಅಪ್ಪನ ಅಡಿಕೆ ತೋಟ ಮಾರಿದರೂ ತೀರದ ದಂಡ. ಒಮ್ಮೆ ಅವನು ಅಂಥ ಕಾಗದಗಳ ಕಟ್ಟನ್ನು ನನಗೆ ತೋರಿಸಿದ. ಕಂಪನಿ, ಬ್ರಾಂಡು, ತಾರೆ ಎಲ್ಲರ ಗುಟ್ಟಿಗೂ ಅದರಲ್ಲಿ ಕಾವಲಿತ್ತು. ಹಾಲ್ ಟಿಕೆಟ್ಟಿಗೋ ಪಾಸ್‌ಪೋರ್ಟಿಗೋ ಬಂದು ಸ್ಟೂಲಿನ ಮೇಲೆ ಕೂತ ಹುಡುಗಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ದೊಡ್ಡವರು ಗುಟ್ಟನ್ನು ಕಾಗದ ಬರೆಸಿಕೊಂಡು ಕೊಡುತ್ತಾರೆ; ನಮ್ಮ ಬೆಂಚಿನ ಮೇಲೆ ಕೂತಿದ್ದ ಆ ತಂದೆಯಂಥವರು ಹಾಗೇ ಕೊಟ್ಟು ಹೋಗುತ್ತಾರೆ. ಕಾಗದವಿಲ್ಲದ್ದನ್ನು ಕಾಯುವುದರಲ್ಲೇ ಈ ಕಸುಬಿನವನ ಪರೀಕ್ಷೆ ಎಂದು ನಾನು ಅವನಿಗೆ ದೊಡ್ಡದಾಗಿ ಉಪದೇಶ ಮಾಡಿದೆ. ಅವನು ಹೂಂ ಮಾವ ಎಂದ.

ಪರೀಕ್ಷೆ ಬಂದದ್ದು ಅಕ್ಕನ ಮನೆಯ ಊಟದ ಮೇಜಿಗೇ. ಅವಳ ವಾರಗಿತ್ತಿಯ ಮಗಳಿಗೆ ಬೆಂಗಳೂರಿನ ಒಂದು ಸಂಬಂಧ ಬಂದಿತ್ತು. ಹುಡುಗನ ಫೋಟೊವನ್ನು ಅಕ್ಕ ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿದಳು. ಸೋದರಳಿಯ ಮಹಾಶಯ ನೋಡಿದ, ಮೊಬೈಲು ವಾಪಸು ಕೊಟ್ಟ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಅವನು ಸಾರು ಎರಡನೇ ಸಲ ಹಾಕಿಸಿಕೊಳ್ಳುವವನಲ್ಲ. ಅಕ್ಕನಿಗೆ ಅಷ್ಟು ಸಾಕಾಯಿತು. “ನಿಂಗೆ ಇವನು ಗೊತ್ತು” ಎಂದಳು. “ಬೆಂಗಳೂರಲ್ಲಿ ಎಲ್ಲರೂ ಒಂದೇ ಥರ ಕಾಣ್ತಾರೆ ಅಮ್ಮ” ಎಂದ.

ರಾತ್ರಿ ನನ್ನ ಹತ್ತಿರ ಬಂದು ಕೂತ. ಹಿಂದಿನ ವರ್ಷ ಅದೇ ಹುಡುಗನ ನಿಶ್ಚಿತಾರ್ಥಕ್ಕೆ ಇವನೇ ಲೈಟ್ ಹಿಡಿದಿದ್ದನಂತೆ, ಹುಡುಗಿ ಬೇರೆ. ಮದುವೆಗೆ ಕೊಟ್ಟಿದ್ದ ಬುಕಿಂಗ್ ರದ್ದಾಯಿತು, ಆಲ್ಬಮ್ ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಯಾಕೆ ಮುರಿಯಿತು ಎಂಬುದು ಇವನಿಗೆ ಗೊತ್ತಿಲ್ಲ. “ಏನು ಮಾಡ್ಲಿ ಮಾವ?” ಹೇಳು ಎಂದರೆ ಗಿರಾಕಿಗೆ ದ್ರೋಹ, ಜೊತೆಗೆ ಕಾರಣ ತಿಳಿಯದೆ ಒಬ್ಬನ ಹೆಸರಿಗೆ ಮಸಿ, ಮುರಿದ ನಿಶ್ಚಿತಾರ್ಥದಲ್ಲಿ ತಪ್ಪು ಅವನದೇ ಎಂದು ಏನು ಗ್ಯಾರಂಟಿ? ಹೇಳಬೇಡ ಎಂದರೆ ನಾಳೆ ನಮ್ಮದೇ ಹುಡುಗಿ ಕಣ್ಣೀರಿಟ್ಟಾಗ ಇವನು ಹೇಗೆ ಮುಖ ಎತ್ತುವುದು? ಪೋಕ್ಸೋ ಕಲಮು, ಆಲ್ಬರ್ಟನ ಮೊಕದ್ದಮೆ, ಹಣ್ಣಿನ ಬುಟ್ಟಿ, ನನಗೆ ಗೊತ್ತಿದ್ದ ಯಾವುದೂ ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ಅವನೇ ಎದ್ದು ಅಡುಗೆಮನೆಗೆ ಹೋಗಿ ಹೇಳಿದ: “ಅಮ್ಮ, ಯಾವ ಹುಡುಗ ಬಂದ್ರೂ ಒಂದು ಮಾತು ನೇರವಾಗಿ ಕೇಳಿ. ಹಿಂದೆ ಎಲ್ಲಾದ್ರೂ ಮಾತುಕತೆ ಆಗಿತ್ತಾ, ಆಗಿದ್ರೆ ಯಾಕೆ ನಿಂತಿತು ಅಂತ. ಚಿಕ್ಕಮ್ಮಂಗೂ ಹೇಳಿ.” ಯಾವ ಹುಡುಗನಿಗಾದರೂ ಕೇಳಬಹುದಾದ ಪ್ರಶ್ನೆ, ಆದರೆ ಅಕ್ಕ ಅದನ್ನು ಯಾವುದೋ ಹುಡುಗನ ಮಾತು ಎಂದು ತಿಳಿಯುವಷ್ಟು ಪೆದ್ದಿಯಲ್ಲ. ಇದು ಗುಟ್ಟು ಕಾದಂತಾಯಿತೋ ಬಿಟ್ಟಂತಾಯಿತೋ ಎಂದು ನನಗೂ ಅವನಿಗೂ ಇನ್ನೂ ವಾದ ಮುಗಿದಿಲ್ಲ. ನಮ್ಮ ಯಜಮಾನರು ಇದ್ದಿದ್ದರೆ ಅರ್ಧ ಅಂಕ ಕೊಡುತ್ತಿದ್ದರು ಎಂದು ನನ್ನ ಅಂದಾಜು.

ಪ್ರಶ್ನೆ ಕೇಳುವ ಪ್ರಮೇಯವೇ ಬರಲಿಲ್ಲ. ಹೆಣ್ಣು ನೋಡಲು ಬಂದ ದಿನ ಹುಡುಗನೇ ಹುಡುಗಿಯ ಹತ್ತಿರ ಎಲ್ಲವನ್ನೂ ಹೇಳಿದ, ಹುಡುಗಿ ಒಪ್ಪಿದಳು. ನಿಶ್ಚಿತಾರ್ಥದ ದಿನ ಅವನು ನಮ್ಮ ಸೋದರಳಿಯನನ್ನು ನೋಡಿ, “ನೀವು ಲೈಟ್ ಹಿಡಿದಿದ್ರಿ ಅಲ್ವಾ?” ಎಂದು ಕೇಳಿಯೇ ಬಿಟ್ಟ. ಸುತ್ತ ನಾಲ್ಕು ಮನೆಯ ನೆಂಟರಿದ್ದರು. “ಇಲ್ಲ ಸರ್, ಬೇರೆ ಯಾರೋ ಇರಬೇಕು” ಎಂದ ಇವನು.

ಅಕ್ಕನ ಸಿಟ್ಟು ಇನ್ನೂ ಇಳಿದಿಲ್ಲ. ಸಂಬಂಧ ಕೂಡಿಬಂತು ಎಂಬುದು ಅವಳಿಗೆ ಸಮಾಧಾನವೇ ಅಲ್ಲ. ವಾರಗಿತ್ತಿಗಿಂತ ಮೊದಲು ತನಗೆ ಗೊತ್ತಾಗಬೇಕಿತ್ತು ಎಂಬುದೇ ಅವಳ ತಕರಾರು. ಈಗ ಮಗ ಊರಿಗೆ ಬಂದರೆ ಯಾರ ಮದುವೆಗೆ ಹೋಗಿದ್ದೆ ಎಂದು ಕೇಳುವುದನ್ನು ಬಿಟ್ಟಿದ್ದಾಳೆ. ಊಟಕ್ಕೆ ಏನಿತ್ತು ಎಂದು ಮಾತ್ರ ಕೇಳುತ್ತಾಳೆ. ಅದನ್ನು ಅವನು ಮೊದಮೊದಲು ಎಲೆಯ ತುದಿಯ ಉಪ್ಪಿನಿಂದ ಹಿಡಿದು ಸಾಂಗವಾಗಿ ಹೇಳುತ್ತಿದ್ದ. ಮಂಡಿಗೆ ಇತ್ತೆಂದರೆ “ಓಹೋ, ಬೆಳಗಾವಿ ಕಡೆಯವರು” ಎನ್ನುತ್ತಾಳೆ ಅಕ್ಕ. ಎಲೆಗೆ ಎಷ್ಟು ಬಗೆ ಬಿತ್ತು ಎಂಬುದರಿಂದ ಬೀಗರ ಅಂತಸ್ತು, ಐಸ್‌ಕ್ರೀಮಿನ ಕಂಪನಿಯಿಂದ ಛತ್ರ, ಪಾಯಸದಲ್ಲಿನ ಗೋಡಂಬಿಯಿಂದ ಹುಡುಗಿಯ ಅಪ್ಪನ ಕೈಯ ಉದ್ದಗಲ, ಎಲ್ಲ ಅವಳಿಗೆ ಗೊತ್ತಾಗುತ್ತದೆ. ಈಚೆಗೆ ಅವನು ಊಟದಲ್ಲೂ ಒಂದೆರಡು ಐಟಂ ಬಿಟ್ಟು ಹೇಳಲು ಶುರುಮಾಡಿದ್ದಾನೆ.